ತಿರುಗದ ವಾಲ್ವ್

ಮಧ್ಯಾಹ್ನ ಮುದ್ದೆ ಉಂಡು ಚಾಪೆಗೆ ಒರಗಿದರೆ ಸಾಕು, ಹೊಸಹಳ್ಳಿಯ ಚಿಕ್ಕಲಕ್ಷ್ಮಮ್ಮನಿಗೆ ಕನಸು ಕಾದಿರುತ್ತಿತ್ತು. ಅಂದು ಕನಸಿನಲ್ಲಿ ಊರಿಗೆ ಇನ್ನೂ ಮೆಟ್ರೋ ಬಂದಿರಲಿಲ್ಲ, ಇಷ್ಟೊಂದು ಮನೆಗಳೂ ಎದ್ದಿರಲಿಲ್ಲ. ಅಪ್ಪ ಸೊಪ್ಪಿನ ತೋಟಕ್ಕೆ ಬಾವಿ ನೀರು ಬಿಟ್ಟಿದ್ದ. ಮಡಿಯಿಂದ ಮಡಿಗೆ ಹರಿದ ನೀರು ಪಾದಕ್ಕೆ ತಣ್ಣಗೆ ತಾಗಿತು. ಆಹಾ, ಇನ್ನೂ ಸ್ವಲ್ಪ ಬರಲಿ ಎಂದುಕೊಂಡರು.

ಬಂತು. ಸೀರೆಯೇ ನೆನೆದಾಗ ಎಚ್ಚರವಾಯಿತು. ಬಚ್ಚಲಿನ ನಲ್ಲಿ ಬುಡದಿಂದಲೇ ಮುರಿದು ನೀರು ಭೋರೆಂದು ಸುರಿಯುತ್ತಿತ್ತು. ಹರಿದು ಹೋಗುತ್ತಿದ್ದದ್ದು ಪಕ್ಕದ ಬಾಡಿಗೆ ಕೋಣೆಗೆ. ಅಲ್ಲಿ ನೆಲದ ಮೇಲೆ ನೀಲಾಂಬಿಕಾಳ ಹಸುಗೂಸು ಮಲಗಿರುತ್ತಿತ್ತು, ಪಕ್ಕದಲ್ಲೇ ಫ್ಯಾನಿನ ಕರೆಂಟ್ ಬೋರ್ಡು. ಚಿಕ್ಕಲಕ್ಷ್ಮಮ್ಮ ಅತ್ತ ಓಡಿದರು.

"ಕೂಸು ನನ್ನ ಕಡೆ ಐತ್ರಿ, ಮೇನ್ ಸ್ವಿಚ್ಚೂ ಆಫ್ ಮಾಡೀನಿ. ನೀವು ವಾಲ್ವ್ ಬಂದ್ ಮಾಡ್ರಿ" ಎಂದಳು ಬಾಗಿಲಲ್ಲೇ ಎದುರಾದ ಗದಗಿನ ನೀಲಾಂಬಿಕಾ.

ವಾಲ್ವ್ ಇದ್ದದ್ದು ಮೆಟ್ಟಿಲ ಪಕ್ಕ, ಟ್ಯಾಂಕಿನಿಂದ ಇಳಿದ ಪೈಪಿನಲ್ಲಿ. ಪ್ರತಿ ಗೌರಿ ಹಬ್ಬಕ್ಕೆ ಗೇಟಿಗೆ ಬಳಿದು ಉಳಿದ ಹಸಿರು ಬಣ್ಣವನ್ನು ಚಿಕ್ಕಲಕ್ಷ್ಮಮ್ಮ ಅದಕ್ಕೂ ಬಳಿಸುತ್ತಿದ್ದರು. ಫಳಫಳ ಹೊಳೆಯುತ್ತಿತ್ತು, ನಿಜ. ಆದರೆ ಬಣ್ಣ, ತುಕ್ಕು ಸೇರಿ ಕಲ್ಲಾಗಿತ್ತು. "ಬಿಗದೈತಿ ನೋಡ್ರಿ, ಬದಲಿ ಮಾಡಸ್ರಿ" ಎಂದು ನೀಲಾಂಬಿಕಾ ಹಿಂದೆಯೇ ಹೇಳಿದ್ದಳು. "ನೀರು ಬರ್ತಾ ಇದ್ಯಲ್ಲಮ್ಮ, ಅದರ ತಂಟೆ ನಮಗ್ಯಾಕೆ?" ಎಂದು ಇವರು ತಳ್ಳಿಹಾಕಿದ್ದರು. ಈಗ ಎರಡೂ ಕೈ ಹಾಕಿ ತಿರುವಿದರೂ ಅದು ಜಪ್ಪಯ್ಯ ಅನ್ನಲಿಲ್ಲ. ಟ್ಯಾಂಕು ಬರಿದಾಗುವ ತನಕ ನೀರು ಹರಿಯಿತು.

"ನಾನಿನ್ನೊಂದು ಗಳಿಗೆ ಮಲಗಿದ್ದಿದ್ರೆ, ನೀನು ಅಂಗಡಿಗೇನಾದ್ರೂ ಹೋಗಿದ್ದಿದ್ರೆ..." ಕೂಸನ್ನು ಎದೆಗವಚಿಕೊಂಡು ಚಿಕ್ಕಲಕ್ಷ್ಮಮ್ಮ ಅತ್ತುಬಿಟ್ಟರು.

ಸಂಜೆ ಪ್ಲಂಬರ್ ಮಂಜುನಾಥ್ ಹಳೆಯದನ್ನು ಕತ್ತರಿಸಿ ಬಾಲ್ ವಾಲ್ವ್ ಕೂರಿಸಿದ. "ಹಿಡಿ ಪೈಪಿನ ಉದ್ದಕ್ಕಿದ್ರೆ ನೀರು ಬರುತ್ತೆ, ಅಡ್ಡ ಇದ್ರೆ ನಿಲ್ಲುತ್ತೆ. ತಿಂಗಳಿಗೊಂದ್ಸಲ ತಿರುಗಿಸ್ತಾ ಇರಿ ಅಮ್ಮ" ಎಂದ.

ಚಿಕ್ಕಲಕ್ಷ್ಮಮ್ಮ ನೀಲಾಂಬಿಕಾಳ ಕೈಯನ್ನೇ ಹಿಡಿಯ ಮೇಲಿಟ್ಟರು. "ನೀನೇ ತಿರುಗಿಸಿ ನೋಡು. ನಾನಿಲ್ಲದಾಗ ನಿಂಗೂ ಗೊತ್ತಿರಬೇಕು ಕಣಮ್ಮ."

ನಿಮ್ಮ ಮನೆಯ ವಾಲ್ವ್ ಎಲ್ಲಿದೆ? ಈಗಲೇ ಎದ್ದು ಹೋಗಿ, ಮೆಲ್ಲಗೆ ತಿರುಗಿಸಿ ನೋಡಿ. ತಿರುಗದಿದ್ದರೆ ಸುತ್ತಿಗೆ ಎತ್ತಬೇಡಿ, ಪ್ಲಂಬರನ್ನು ಕರೆಸಿ ಬದಲಾಯಿಸಿ. ಮನೆಮಂದಿಗೂ ಬಾಡಿಗೆಯವರಿಗೂ ತೋರಿಸಿಡಿ. ನೀರು ನುಗ್ಗುವ ಹೊತ್ತಿಗೆ ಮನೆಯಲ್ಲಿ ನೀವೇ ಇರುತ್ತೀರಿ ಎಂದೇನಿಲ್ಲ.