ಅಂಗಿ ಮಡಚುವ ಯಂತ್ರ

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇಂಜಿನಿಯರಿಂಗ್ ಕೊನೆಯ ವರ್ಷದ ನಮ್ಮ ಹುಡುಗ ಹೆತ್ತ ಹೆಗ್ಗಣ, ಅಂಗಿ ಮಡಚುವ ಯಂತ್ರ. ಮೇಲೆ ಅಂಗಿ ಹಾಸಿ ಗುಂಡಿ ಒತ್ತಿದರೆ ಎರಡು ರೆಕ್ಕೆ ಬಡಿದು ನೀಟಾಗಿ ಮಡಚಿ ಕೊಡುತ್ತಿತ್ತು. ಕಾಲೇಜಿನಲ್ಲಿ ಚಪ್ಪಾಳೆ ಗಿಟ್ಟಿಸಿದ ಮೇಲೆ ಅದನ್ನು ಚಿಕ್ಕಮ್ಮನ ಲಾಂಡ್ರಿಗೆ ತಂದಿಟ್ಟ. ಅಲ್ಲಿನ ಹೆಂಗಸರು ಹಳೇ ಬೆಡ್‌ಶೀಟ್ ಹೊದಿಸಿ, ಟೀ ಲೋಟ ಇಡುವ ಮೇಜು ಮಾಡಿಕೊಂಡರು. ಹುಡುಗ ಅಪ್ಪನ ಮುಂದೆ ಹೋಗಿ ಅತ್ತುಕೊಂಡ.

"ಮಾಲು ಚೆನ್ನಾಗಿದೆ ಕಣೋ, ಮಾರೋಕೆ ಬರಲ್ಲ ನಿಂಗೆ," ಎಂದರು ಅಪ್ಪ. ವಿಮಾ ಕಚೇರಿಯಲ್ಲಿ ಮಗನ ವಯಸ್ಸಿನ ಎಂಬಿಎಗಳಿಗೆ ಸಲಾಮು ಹೊಡೆದೇ ಅವರ ಕೈ ಸವೆದಿತ್ತು. "ಎಂಬಿಎ ಸೀಟು ಸಿಕ್ಕಿದೆ. ಇವತ್ತು ಸಂಜೆಯೊಳಗೆ ಹೂಂ ಅಂದ್ಬಿಡು."

ಹುಡುಗ ಬಹುಪಾಲು ಹೂಂ ಅಂದಾಗಿತ್ತು. ಯಂತ್ರ ಕಟ್ಟುವುದೆಂದರೆ ಅವನಿಗೆ ಪ್ರಾಣ, ಸ್ಕ್ರೂಡ್ರೈವರ್ ಬಿಟ್ಟು ಟೈ ಕಟ್ಟಬೇಕಲ್ಲ ಎಂದು ಸಂಕಟವೂ ಆಗುತ್ತಿತ್ತು. ಆದರೆ ಮೇಜುಗಳನ್ನು ಹೆರುತ್ತ ಮುದುಕನಾಗುವುದು ಯಾರಿಗೆ ಬೇಕು?

ಅಷ್ಟರಲ್ಲಿ ಚಿಕ್ಕಮ್ಮನ ಫೋನು. ಇಸ್ತ್ರಿಯವರಲ್ಲಿ ಒಬ್ಬಳಿಗೆ ಜ್ವರವಂತೆ. "ಮ್ಯಾನೇಜರ್ ಆಮೇಲೆ ಆಗುವಿಯಂತೆ, ಈಗ ಬಂದು ಇಸ್ತ್ರಿಪೆಟ್ಟಿಗೆ ಹಿಡಿ."

ಹೋದ. ಹಬೆಯಲ್ಲಿ ಬೆಂದ. ಎರಡು ಕಾಲರ್ ಸುಟ್ಟ, ಬೈಸಿಕೊಂಡ. ನಿಂತು ನಿಂತು ಹಿಮ್ಮಡಿ ಸಿಡಿಯತೊಡಗಿತು, ಸೊಂಟ ಬೇರೆಯವರದ್ದು ಅನ್ನಿಸಿತು. ಕೊನೆಗೆ ಚಿಕ್ಕಮ್ಮ "ಇನ್ನು ಮಡಚೋಣ ಬನ್ರೇ" ಎಂದದ್ದೇ ತಡ, ಎಲ್ಲರೂ ಗಿಡ್ಡ ಸ್ಟೂಲು ಎಳೆದುಕೊಂಡು ಬಟ್ಟೆ ರಾಶಿಯ ಸುತ್ತ ಕುಕ್ಕರಿಸಿದರು. ಹುಡುಗನೂ ದೊಪ್ಪನೆ ಕೂತ. ಟೀ ಬಂತು. ಯಾವ ದೊಡ್ಡಮನುಷ್ಯನ ಚಡ್ಡಿಯಲ್ಲಿ ಎಷ್ಟು ತೂತು ಎಂಬ ಚರ್ಚೆ ಶುರುವಾಯಿತು. ಅವನು ನಗುತ್ತ, ಸೊಟ್ಟಸೊಟ್ಟಗೆ ಮಡಚುತ್ತ, ಅರ್ಧ ರಾಶಿ ಮುಗಿಸಿದ.

"ಇಂಜಿನಿಯರ್ ಸಾಹೇಬ್ರೇ," ಎಂದಳು ಇಸ್ತ್ರಿಯವರಲ್ಲೆಲ್ಲ ಹಿರಿಯಳಾದ ದೊಡ್ಡಕ್ಕ, "ನಿಮ್ಮ ಮಿಷನ್ನಿಗೇ ಒರಗಿಕೊಂಡಿದೀರಲ್ಲ. ಎದ್ದು ನಿಂತು ಗುಂಡಿ ಒತ್ತಬಾರದಾ?"

ಹುಡುಗ ಹಿಂದೆ ತಿರುಗಿ ನೋಡಿದ. ಯಂತ್ರ ನಿಂತವರ ಎದೆಮಟ್ಟಕ್ಕಿತ್ತು, ಕೂತವರ ಕೈಗೆ ಎಟುಕುವಂತಿರಲಿಲ್ಲ. ಅಂಗಿಯ ಅಳತೆಯನ್ನೆಲ್ಲ ತೆಗೆದಿದ್ದ ಮಹಾನುಭಾವ, ಈ ಲಾಂಡ್ರಿಯಲ್ಲಿ ಕೂತು ಮಾಡುವ ಕೆಲಸ ಮಡಚುವುದೊಂದೇ ಎಂಬುದನ್ನು ನೋಡಿರಲೇ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಂತೆ, ಮಾರಲು ಬರಲಿಲ್ಲ ಎಂದು ಅತ್ತಿದ್ದ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಆದರೂ ಏಳಲಿಲ್ಲ.

"ಅದಿರಲಿ ದೊಡ್ಡಕ್ಕ, ಇಸ್ತ್ರಿ ಮಾಡೋದನ್ನೇ ಕೂತು ಮಾಡೋ ಹಾಗಾದ್ರೆ?"

ದೊಡ್ಡಕ್ಕನ ಕೈ ಅಂಗಿಯ ಮೇಲೇ ನಿಂತಿತು. "ಮಾಡು ನೋಡೋಣ," ಎಂದಳು.

ಆಗಲೇ ಅಪ್ಪನ ಫೋನು ಬಂತು. "ಏನಂತೀಯೋ? ಹೂಂ ಅಂದ್ಬಿಡ್ಲಾ?"

"ಬೇಡಪ್ಪಾ."

"ಯಾಕೋ? ಮಾರೋದು ಕಲೀಬೇಕು ಅಂತಿದ್ದೆ!"

ಹುಡುಗ ಬೆನ್ನ ಹಿಂದಿನ ಯಂತ್ರವನ್ನೂ, ಕಾಲು ಚಾಚಿ ಕೂತಿದ್ದ ಹೆಂಗಸರನ್ನೂ ನೋಡಿದ.

"ಕಲಿತ್ರೆ ಇದನ್ನೂ ಮಾರಿಬಿಡ್ತೀನಿ ಅಪ್ಪಾ. ಆಮೇಲೆ ಪಾಪ, ಮಡಚೋಕೂ ಇವ್ರು ನಿಂತೇ ಇರಬೇಕಾಗುತ್ತೆ."