ಬಾಯಿ ಮುಚ್ಚದ ಮಿಷನ್

ನಮ್ಮ ವಿದ್ಯಾನಗರದ ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಒಂದು ಮೂಕ ಮಿಷನ್ ಇತ್ತು. ಆಪರೇಷನ್ ವೇಳೆ ಅದರ ಕ್ಲಿಪ್ಪನ್ನು ನಾಯಿಯ ನಾಲಿಗೆಗೆ ಹಾಕಿದರೆ ನಾಡಿಬಡಿತ, ರಕ್ತದ ಆಮ್ಲಜನಕ ಎರಡನ್ನೂ ತೋರಿಸುತ್ತದೆ. ಏರುಪೇರಾದರೆ ಕೂಗಬೇಕು. ಕೂಗುತ್ತಿರಲಿಲ್ಲ, ಏಕೆಂದರೆ ಮಾಲೀಕ ಡಾಕ್ಟರ್ ಜಯಪ್ಪ ಅದರ ಬಾಯಿ ಮುಚ್ಚಿಸಿದ್ದರು. ದೊಡ್ಡ ನಾಯಿಗೆ ಇಟ್ಟ ನಾಡಿಯ ಮಿತಿಯನ್ನೇ ಪುಟಾಣಿ ನಾಯಿಗೂ ಬಿಟ್ಟರೆ ಅದು ಸುಮ್ಮಸುಮ್ಮನೆ ಅರಚುತ್ತದೆ; ಪುಟಾಣಿಗಳ ಎದೆ ಬಡಿಯುವುದೇ ಜೋರು. ಪ್ರತಿ ಸಲ ಮಿತಿ ಬದಲಿಸುವ ಬದಲು ಈ ಮಹಾನುಭಾವರು ಸದ್ದನ್ನೇ ಆರಿಸಿದ್ದರು. ಹೊರಗೆ ಕೂತವರು ಗಾಬರಿಯಾಗುತ್ತಾರಂತೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವತ್ತು ಭದ್ರಾವತಿಯ ಕಾಗದನಗರದಿಂದ ಜಲಜಮ್ಮ ತಮ್ಮ ಮಿಲ್ಲಿಯನ್ನು ತಂದಿದ್ದರು. ಮಡಿಲಲ್ಲಿ ಹಿಡಿಸುವಷ್ಟು ಪುಟ್ಟ ನಾಯಿ. ಗರ್ಭಕೋಶದ ತುಂಬ ಕೀವು. ಕೂಡಲೇ ತೆಗೆಯದಿದ್ದರೆ ಉಳಿಯುತ್ತಿರಲಿಲ್ಲ. ಕೊಯ್ಯುವವರು ಜಯಪ್ಪ, ಅರಿವಳಿಕೆ ಕೊಟ್ಟು ನಾಡಿ, ಉಸಿರು ಕಾಯುವ ಕೆಲಸ ನನ್ನದು.

ಮಿಲ್ಲಿ ಮಲಗಿದ ಮೇಲೆ ಮಿತಿಗಳನ್ನು ಅವಳ ಅಳತೆಗೆ ಇಟ್ಟೆ. ಆಮ್ಲಜನಕ ತೊಂಬತ್ತೈದಕ್ಕಿಂತ ಇಳಿದರೆ ಕೂಗು, ನಾಡಿ ನೂರೆಂಬತ್ತು ದಾಟಿದರೆ ಕೂಗು, ಎಪ್ಪತ್ತಕ್ಕಿಂತ ಬಿದ್ದರೂ ಕೂಗು. ಸದ್ದನ್ನು ಪೂರ್ತಿ ಏರಿಸಿದೆ.

“ಏನ್ ಮಾರಾಯ್ತಿ ಇದು? ಆಫ್ ಮಾಡು ಅನುಷಾ,” ಎಂದರು ಜಯಪ್ಪ.

“ಮಾಡಲ್ಲ ಸರ್.”

“ಹೊರಗೆ ಆ ಯಮ್ಮ ಕೂತಿದಾರೆ. ಇದು ಒಂದ್ಸಲ ಕೂಗಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಅಳ್ತಾರೆ. ಕ್ಲಿನಿಕ್ ಹೆಸರು ಏನಾಗ್ಬೇಕು?”

“ಸದ್ದಿಲ್ದೆ ಜೀವ ಹೋದ್ರೆ ಹೆಸರು ಉಳಿಯುತ್ತಾ ಸರ್?”

ಅವರ ಮುಖ ಕೆಂಪಾಯಿತು. “ಹಾಗಾದ್ರೆ ನಾಳೆಯಿಂದ ನೀನು ಬರೋದು ಬೇಡ.”

“ನಾಳೆ ಬರಲ್ಲ. ಇವತ್ತು ಆಫ್ ಮಾಡಲ್ಲ.”

ಅಷ್ಟಕ್ಕೇ ಬಿಡಲಿಲ್ಲ. ಬಾಗಿಲು ತೆರೆದು, ಬೆಂಚಿನ ಮೇಲಿದ್ದ ಜಲಜಮ್ಮನನ್ನೇ ಕೇಳಿದೆ. “ಅಮ್ಮಾ, ಒಳಗೆ ಮಿಷನ್ ಕೂಗಬಹುದು. ಹೆದರ್ತೀರಾ?”

“ಕಾಗದದ ಮಿಲ್ ಸೈರನ್ ಕೇಳ್ಕೊಂಡೇ ಸಂಸಾರ ಮಾಡ್ದೋಳು ಕಣಮ್ಮ ನಾನು. ಮಿಲ್ ಮುಚ್ಚಿ ಅದು ಕೂಗದೆ ಹೋಯ್ತಲ್ಲ, ಅವತ್ತೇ ನಾನು ಹೆದರಿದ್ದು. ಕೂಗ್ಲಿ ಬಿಡಿ.”

ಜಯಪ್ಪನವರಿಗೆ ಇದು ಕೇಳಿಸಿತು. ಚಾಕು ಹಿಡಿದರು. ನಾನು ಬಾಗಿಲು ಹಾಕಿದೆ.

ಆಪರೇಷನ್ ಅರ್ಧ ಮುಗಿದಾಗ ಮಿಷನ್ ಬಾಯಿ ಬಿಟ್ಟಿತು. ಇಡೀ ಕೋಣೆ ಅದರದೇ ಆಯಿತು.

“ನೋಡ್ದ್ಯಾ, ಶುರುವಾಯ್ತು! ಕ್ಲಿಪ್ ಜಾರಿರ್ಬೇಕು, ಆಫ್ ಮಾಡು!”

ಕ್ಲಿಪ್ ಜಾರಿರಲಿಲ್ಲ. ಆಮ್ಲಜನಕ ತೊಂಬತ್ತಕ್ಕಿಂತ ಕೆಳಗಿಳಿಯುತ್ತಿತ್ತು. ಮೈಮೇಲೆ ಹೊದಿಸಿದ್ದ ಬಟ್ಟೆ ಎತ್ತಿ ನೋಡಿದರೆ ಮಿಲ್ಲಿಯ ಕತ್ತು ಬಾಗಿ, ಉಸಿರಾಟಕ್ಕೆಂದು ಗಂಟಲಿಗೆ ಇಳಿಸಿದ್ದ ಕೊಳವೆ ಮಡಚಿಕೊಂಡಿತ್ತು. ಕತ್ತು ನೇರ ಮಾಡಿದೆ, ಕೊಳವೆ ಸರಿಪಡಿಸಿದೆ, ಆಮ್ಲಜನಕದ ಚೀಲ ಒತ್ತಿದೆ. ಒತ್ತುತ್ತಲೇ ಇದ್ದೆ. ಅಂಕಿ ನಿಧಾನವಾಗಿ ಮೇಲೆ ಹತ್ತಿತು. ಸದ್ದು ನಿಂತಿತು.

ತಕ್ಷಣ ಬಾಗಿಲಾಚೆಯಿಂದ ಜಲಜಮ್ಮನ ಗಾಬರಿಯ ದನಿ ಬಂತು. “ಯಾಕಮ್ಮ ನಿಂತ್ಹೋಯ್ತು?”

ನಾನು ಬಾಯಿ ತೆರೆಯುವ ಮೊದಲೇ ಜಯಪ್ಪ ಕೂಗಿ ಹೇಳಿದರು. “ಉಸಿರಾಡ್ತಿದಾಳೆ ಅಮ್ಮ, ಅದಕ್ಕೇ ನಿಂತಿದ್ದು.”

ಮಿಲ್ಲಿ ಉಳಿದಳು. ನಾಳೆಯಿಂದ ಬರಬೇಡ ಎಂದಿದ್ದ ಮಾತನ್ನು ಅವರು ವಾಪಸ್ ತೆಗೆದುಕೊಳ್ಳಲಿಲ್ಲ. ನಾನೂ ಕೇಳಲಿಲ್ಲ. ಮಾರನೆಯ ದಿನ ಎಂದಿನಂತೆ ಕ್ಲಿನಿಕ್ಕಿಗೆ ಹೋದವಳೇ ಮೊದಲು ಮಿಷನ್ನಿನ ಸದ್ದು ಏರಿಸಿದೆ.