ಕೋಟಿನ ಎರಡನೇ ಗುಂಡಿ

ಮೊಳೆಗೆ ತೂಗುಹಾಕಿದ ಕೋಟು ಅಲ್ಲಾಡಿತು, ಗಾಳಿಗಲ್ಲ, ಫ್ಯಾನಿಗೆ, ಎರಡನೇ ಗುಂಡಿಯ ಜಾಗದಲ್ಲಿ ಬರೀ ದಾರ, ಅಪ್ಪ ಅದನ್ನು ಹೊಲಿಯಲು ಬಿಡಲೇ ಇಲ್ಲ, ಹೊಲಿದ್ರೆ ನನ್ನ ಕೆಲಸ ಹೋಗುತ್ತೆ ಕಣೇ ಎನ್ನುತ್ತಿದ್ದ — ಅವನ ಕೆಲಸವೋ ಗೋದಾಮಿನಲ್ಲಿ ಮೂಟೆ ಹೊರುವುದು, ಭಾನುವಾರ ಬಂತೆಂದರೆ ಮಾತ್ರ ಈ ಕೋಟು ಬಿಗಿದುಕೊಂಡು, ಸೀಮೆಸುಣ್ಣದ ತುಂಡನ್ನೇ ಸಿಗಾರೆಂದು ಬಾಯಲ್ಲಿಟ್ಟು, ಕಾರ್ಖಾನೆಯ ಮಾಲೀಕನಾಗಿ ಕುರ್ಚಿಯಲ್ಲಿ ಕೂರುತ್ತಿದ್ದ, ಮಗಳು ಕಾರ್ಮಿಕ ಸಂಘದ ಪತ್ರಿಕೆಯ ವ್ಯಂಗ್ಯಚಿತ್ರಕ್ಕೆ ಅವನನ್ನು ನೋಡಿ ಬಿಡಿಸುತ್ತಿದ್ದಳು, ಆ ಹೊಟ್ಟೆ, ಹೊಟ್ಟೆಯ ಕಾಟ ತಾಳಲಾರದೆ ಹಾರುವ ಆ ಗುಂಡಿ, ಪತ್ರಿಕೆ ಓದುವವರೆಲ್ಲ ಮೊದಲು ಹುಡುಕುತ್ತಿದ್ದದ್ದೇ ಅದನ್ನು. ಗೋದಾಮಿನಲ್ಲಿ ಜೊತೆಯವರು ದಾರಿ ಬಿಟ್ಟು ನಿಂತು, ಬನ್ನಿ ಮಾಲೀಕರೇ, ಮೂಟೆ ತಮಗೋಸ್ಕರನೇ ಕಾಯ್ತಿದೆ ಎನ್ನುತ್ತಿದ್ದರಂತೆ, ಅವನೂ ಗತ್ತಿನಿಂದಲೇ ಬೆನ್ನು ಕೊಡುತ್ತಿದ್ದನಂತೆ. ಒಂದ್ಸಲ ನನ್ನನ್ನ ಚಿತ್ರದಲ್ಲಿ ಈ ಕಡೆ ನಿಲ್ಲಿಸೇ, ಮೆರವಣಿಗೆಯ ಕೂಲಿಯವರ ಜೊತೆ, ಎಂದು ಕೇಳಿದ್ದ, ಸಂಪಾದಕರು ಬಿದ್ದು ಬಿದ್ದು ನಕ್ಕರು, ಈ ಹೊಟ್ಟೆ ನೋಡಿದ್ರೆ ಕೂಲಿ ಯಾಕ್ ಹೆಚ್ಚಿಸ್ಬೇಕು ಅಂತಾರಷ್ಟೆ, ಅವಳೂ ನಕ್ಕಳು, ಅಪ್ಪನೂ ನಕ್ಕ, ಅವನದೇ ಜೋರು ನಗು. ಈಗ ಆ ಹೊಟ್ಟೆ ಎಲ್ಲಿ, ಕಾಯಿಲೆ ತಿಂದು ಹಾಕಿದೆ, ಮನೆಗೇ ಕರ್ಕೊಂಡ್ ಹೋಗಮ್ಮಾ ಎಂದುಬಿಟ್ಟರು ಡಾಕ್ಟರು, ಕೆನ್ನೆ ಒಳಗೆ, ಭುಜದ ಮೂಳೆ ಹೊರಗೆ, ಅವಳು ಇಷ್ಟು ವರ್ಷ ಬಿಡಿಸಿದ ಕಾರ್ಮಿಕನ ಹಾಗೇ ಮಲಗಿದ್ದಾನೆ, ಹಾಳಾದ್ದು, ಮೆರವಣಿಗೆಗೆ ಸೇರುವ ಅರ್ಹತೆ ಕೊನೆಗೂ ಬಂತು.

ಸೇರಿಸಿದಳು, ಬೆಳಗಿನಿಂದ ಅವನ ಮಂಚದ ಪಕ್ಕದಲ್ಲೇ ಕೂತು, ಮೆರವಣಿಗೆಯ ಮುಂದಿನ ಸಾಲಿನಲ್ಲೇ ಬಿಡಿಸಿದಳು, ಕೈಯಲ್ಲಿ ಬಾವುಟ, ಆಚೆ ಕುರ್ಚಿಯಲ್ಲಿ ಎಂದಿನ ಮಾಲೀಕ, ಅವನ ಹಾರುವ ಗುಂಡಿ, ಇನ್ನೂ ಒಣಗದ ಮಸಿ, ನೋಡಪ್ಪಾ, ನಿನ್ನನ್ನ ಈ ಕಡೆ ತಂದಿದೀನಿ, ಚಿತ್ರದ ಹಲಗೆಯನ್ನು ಅವನ ಎದೆಯ ಹತ್ತಿರ ಹಿಡಿದಳು, ಇದೊಂದನ್ನು ನೋಡಲಿ, ಇದೊಂದನ್ನು ನೋಡಿಬಿಡಲಿ, ಕಣ್ಣು ತೆರೆದ, ಬೆರಳು ಬಾವುಟ ಮುಟ್ಟಿತು, ಮುಖ ಮುಟ್ಟಿತು, ಅಯ್ಯೋ ಪಾಪ, ಇವನ್ಯಾರು, ಇಷ್ಟೊಂದು ಸೊರಗಿದಾನೆ, ಊಟ ಹಾಕ್ರೋ ಇವನಿಗೆ — ಬೆರಳು ದಾಟಿತು, ಅಲ್ಲಪ್ಪಾ, ಅವನೇ ನೀನು, ಬೆರಳು ಕುರ್ಚಿಯ ಕಡೆಗೆ ಹೋಯಿತು, ಹಾಂ, ಇಲ್ಲಿದೀನಿ ನೋಡು, ನಕ್ಕ, ನಕ್ಕನೇ, ತುಟಿ ಅಲ್ಲಾಡಿತು, ಬೆರಳು ಗುಂಡಿಯ ಮೇಲೆ, ಅದಲ್ಲಪ್ಪಾ, ಈ ಕಡೆ, ಈ ಕಡೆ ನೋಡು, ಬೆರಳನ್ನು ಎಳೆದಳು, ಬರಲಿಲ್ಲ, ಇಷ್ಟು ಭಾರ ಯಾಕಾಯಿತು, ಅಪ್ಪಾ, ಫ್ಯಾನು ತಿರುಗುತ್ತಿದೆ, ಕೋಟು ಅಲ್ಲಾಡುತ್ತಿದೆ, ಎದೆ ಅಲ್ಲಾಡುತ್ತಿಲ್ಲ, ಬೆರಳಿನಡಿ ಮಸಿ ಹರಡಿ ಗುಂಡಿ ದೊಡ್ಡದಾಗುತ್ತಿದೆ, ಅಪ್ಪಾ, ಗುಂಡಿ